ಒಡೆದ ಬದು

ಕಮಲಾಪುರದ ಶೇವಂತಾ ಜಮಖಾನದ ಮೇಲೆ ನವಿಲು, ಬಳ್ಳಿ ನೇಯುವುದನ್ನು ಬಿಟ್ಟಾಗ ಅವಳಿಗೆ ಇಪ್ಪತ್ತಾರು ವರ್ಷ. ಗಂಡ ಮಲ್ಲಣ್ಣ ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು. ಹಳ್ಳ ಏರಿ ಹೊಲದ ಬದು ಒಡೆದಾಗ ಮಣ್ಣು ಹಾಕಲು ಹೋದವನು ನೀರಿನ ಜೊತೆಗೇ ಹೋಗಿಬಿಟ್ಟಿದ್ದ. ಆಮೇಲೆ ಅವಳ ಮಗ್ಗದಲ್ಲಿ ಬರೀ ಬಣ್ಣದ ಪಟ್ಟೆ, ಮೂಲೆ, ಗೆರೆಗಳು ಬರತೊಡಗಿದವು.

"ಇದೆಂಥ ಹುಚ್ಚು ಗೆರಿ? ಸಂತ್ಯಾಗ ಯಾರು ಕೇಳ್ತಾರವ್ವಾ ಇದನ್ನ?" ಎನ್ನುತ್ತಿದ್ದ ಮಾವ ಖಂಡೆಪ್ಪ.

ಕೇಳಿದವರು ತುಂಗಾಬಾಯಿ. ಕಲಬುರ್ಗಿಯ ವಕೀಲರೊಬ್ಬರ ಹೆಂಡತಿ; ಪುಣೆಯಲ್ಲಿ ಓದಿ ಬಂದು, ಹೆಂಗಸರಿಗೆ ಹೊಲಿಗೆ-ನೇಯ್ಗೆ ಕಲಿಸುವ ಶಾಲೆ ನಡೆಸುತ್ತಿದ್ದರು. ಸಂತೆಯಲ್ಲಿ ಹಾಸಿದ್ದ ಜಮಖಾನದ ಮುಂದೆ ಧೂಳಿನಲ್ಲೇ ಕೂತುಬಿಟ್ಟರು.

"ವಿಲಾಯತಿಯೊಳಗ ದೊಡ್ಡ ಕಲಾವಿದರು ಈಗ ಹಿಂಗ ಮಾಡ್ಲಿಕ್ಕೆ ಹತ್ಯಾರ. ನೀ ಯಾರ ಹತ್ರ ಕಲ್ತೀ?"

"ಯಾರ ಹತ್ರನೂ ಇಲ್ರೀ ಬಾಯಾರ. ಹೊಲಾ ನೋಡೀನಿ, ಅಷ್ಟ."

ಅಂದಿನಿಂದ ಒಂದು ವರ್ಷ ಶೇವಂತಾ ತಿಂಗಳಿಗೊಮ್ಮೆ ಮೋಟಾರು ಹತ್ತಿ ಕಲಬುರ್ಗಿಗೆ ಹೋದಳು. ತುಂಗಾಬಾಯಿ ಚೌಕಳಿ ಕಾಗದ ಕೊಟ್ಟರು, ಅದರ ಮೇಲೆ ನಕ್ಷೆ ತೆಗೆಯುವುದನ್ನು ತೋರಿಸಿದರು. ಒಂದು ಮಧ್ಯಾಹ್ನ ಅವರು ಅವಳ ಒಂದು ಕೆಂಪು ಜಮಖಾನದ ಮೇಲಿನ ಕಪ್ಪು ಗೆರೆಯನ್ನು ಬೆರಳಲ್ಲಿ ಮುಟ್ಟಿ, ಇದು ನಡುವೆ ಯಾಕೆ ಕಡಿದಿದೆ ಎಂದು ಕೇಳಿದರು. ಮಾವನ ಮುಂದೆಯೂ ಬಾಯಿ ಬಿಡದಿದ್ದವಳು ಅಂದು ಎಲ್ಲವನ್ನೂ ಹೇಳಿದಳು. ಒಡೆದ ಬದು, ನೀರಿನ ಸದ್ದು, ದಂಡೆಯಲ್ಲಿ ಉಳಿದ ಮಲ್ಲಣ್ಣನ ರುಮಾಲು. ತುಂಗಾಬಾಯಿ ಅವಳ ಕೈ ಹಿಡಿದು ಅತ್ತರು.

ಆ ಜಮಖಾನವನ್ನು ಕಲಬುರ್ಗಿಯ ಪ್ರದರ್ಶನದಲ್ಲಿ ಇಡುತ್ತೇನೆಂದು ತೆಗೆದುಕೊಂಡವರೂ ಅವರೇ.

ಪ್ರದರ್ಶನದ ದಿನ ಶೇವಂತಾ ಒಗೆದ ಸೀರೆ ಉಟ್ಟು ಬಂದಳು. ಗೋಡೆಯ ಮೇಲೆ ತನ್ನ ಜಮಖಾನ. ಕೆಳಗಿನ ಚೀಟಿ ಅವಳಿಗೆ ಓದಲು ಬರಲಿಲ್ಲ. ಹೈದರಾಬಾದಿನಿಂದ ಬಂದ ಸಾಹೇಬರೊಬ್ಬರು ಅದರ ಮುಂದೆ ನಿಂತು, ಈ ಗೆರೆ ನಡುವೆ ಯಾಕೆ ಮುರಿದಿದೆ ಎಂದು ಉರ್ದುವಿನಲ್ಲಿ ಕೇಳಿದರು. ತುಂಗಾಬಾಯಿ ಕಣ್ಣು ತಗ್ಗಿಸಿದರು. ತನ್ನ ತಮ್ಮನೊಬ್ಬ ಹೊಲದ ಬದು ಕಟ್ಟಲು ಹೋಗಿ ನೀರಿಗೆ ಸಿಕ್ಕ, ದಂಡೆಯಲ್ಲಿ ಅವನ ರುಮಾಲು ಮಾತ್ರ ಉಳಿಯಿತು, ಆ ದುಃಖವನ್ನೇ ತಾನು ಇದರಲ್ಲಿ ಬಿಡಿಸಿದೆ ಎಂದರು.

ಸಂತೆಯ ಉರ್ದು ಶೇವಂತಾಳಿಗೆ ಚೆನ್ನಾಗಿ ತಿಳಿಯುತ್ತಿತ್ತು. ಕಾಲುಗಳು ತಾವಾಗಿಯೇ ಮುಂದೆ ಹೋದವು.

"ಭಾಯಿ ನೈ ಸಾಬ್. ಮೇರಾ ಮರದ್," ಎಂದಳು. ತಮ್ಮ ಅಲ್ಲ, ನನ್ನ ಗಂಡ.

ಸಾಹೇಬರು ತುಂಗಾಬಾಯಿಯ ಮುಖ ನೋಡಿದರು. ತುಂಗಾಬಾಯಿ ಮೆಲ್ಲಗೆ ನಕ್ಕು, ಇವಳು ನಮ್ಮಲ್ಲಿ ನೇಯುವವಳು, ಗಂಡ ಹೋದಾಗಿನಿಂದ ಪಾಪ ಹೀಗೇ ಏನೇನೋ ಅನ್ನುತ್ತಾಳೆ ಎಂದರು. ಸಾಹೇಬರು ಅಯ್ಯೋ ಎಂಬಂತೆ ತಲೆಯಾಡಿಸಿ ಮುಂದಿನ ಗೋಡೆಗೆ ನಡೆದರು.

ಹದಿನೈದು ದಿನದ ಮೇಲೆ ತುಂಗಾಬಾಯಿಯೇ ಕಮಲಾಪುರಕ್ಕೆ ಬಂದರು. ಪ್ರದರ್ಶನ ನೋಡಿದ ಮುಂಬೈಯವರು ಅಂಥದೇ ಹನ್ನೆರಡು ಜಮಖಾನ ಕೇಳಿದ್ದರು.

"ಸಿಟ್ಟು ಮಾಡ್ಕೋಬ್ಯಾಡ ಶೇವಂತಾ. ನಿನ್ನ ಹೆಸರು ಹಾಕಿದ್ರ ಅದನ್ನ ಗ್ವಾಡಿಗೆ ಹಾಕ್ತಿದ್ರೇನು? ನೆಲಕ್ಕ ಹಾಸಿ ತುಳೀತಿದ್ರು."

"ಹೆಸರು ಒಯ್ದಿದ್ರ ಸುಮ್ನಿರ್ತಿದ್ದೆರೀ," ಎಂದಳು ಶೇವಂತಾ. "ನನ್ನ ಗಂಡನ ಸಾವು ಒಯ್ದ್ರಿ. ಅದು ಯಾತಕ್ಕ ಬೇಕಾಗಿತ್ತು ನಿಮಗ?"

ತುಂಗಾಬಾಯಿ ಎದ್ದು ಹೋದರು. ಶಾಲೆಯಲ್ಲಿ ಉಳಿದಿದ್ದ ಶೇವಂತಾಳ ನಕ್ಷೆಗಳನ್ನೇ ಇಟ್ಟುಕೊಂಡು ಬೇರೆಯವರಿಂದ ನೇಯಿಸಿದರು. ಮುಂಬೈಯ ಪತ್ರಿಕೆಯಲ್ಲಿ ಅವರ ಚಿತ್ರ ಬಂತು, ಹೊಸ ಕಲೆಯನ್ನು ಮಗ್ಗಕ್ಕೆ ತಂದ ಮೊದಲ ಮಹಿಳೆ ಎಂದು.

ಶೇವಂತಾ ಕಲಬುರ್ಗಿಗೆ ಮತ್ತೆ ಹೋಗಲಿಲ್ಲ. ನೇಯ್ಗೆ ಮಾತ್ರ ನಿಲ್ಲಿಸಲಿಲ್ಲ. ಓಣಿಯ ಮಾನಮ್ಮನಿಗೂ ಕಲಿಸತೊಡಗಿದಳು. ಒಂದು ದಿನ ಮಾನಮ್ಮ ಮಗ್ಗದ ಮೇಲೆ ಬಗ್ಗಿ, "ಅಕ್ಕಾ, ಈ ಹಳದಿ ಮೂಲಿ ಅಂದ್ರ ಏನು?" ಎಂದು ಆಸೆಯಿಂದ ಕೇಳಿದಳು.

ಶೇವಂತಾ ಲಾಳಿಯಿಂದ ಕಣ್ಣು ಎತ್ತಲಿಲ್ಲ.

"ನೂಲು," ಎಂದಳು.