ಕೊರಳಿಗೆ ಕಟ್ಟಿದ ಡಬ್ಬಿ

"ದನದ ಕೊರಳಿಗಿ ಗಂಟಿ ಕಟ್ಟಿದ್ರ ಅದೂ ಬಿಚ್ಚಂಗಿಲ್ಲ. ನಿನಗೇನ್ ಧಾಡಿ ಆಗ್ಯದ ಲೇ ಪರಸಿ?"

ಮಲ್ಲಿನಾಥಗೌಡ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಬೈಯುತ್ತಿದ್ದ. ಒಳಗೆ ಪರಸವ್ವ ಮೊಣಕೈತನಕ ಸೆಗಣಿಯಲ್ಲಿದ್ದಳು. ಹೊಗೆ ಅಳೆಯುವ ಡಬ್ಬಿಯನ್ನು ಕೊರಳಿಂದ ತೆಗೆದು ಗೂಟಕ್ಕೆ ಹಾಕಿದ್ದಳು.

"ಬಗ್ಗಿದ್ರ ಸೆಗಣ್ಯಾಗ ಬೀಳತೈತ್ರಿ ಗೌಡ್ರ."

"ಬಿದ್ರ ನಿನ್ನ ಹೆಣಾ ಮಾರಿದ್ರೂ ಅದರ ರೊಕ್ಕ ಹುಟ್ಟಂಗಿಲ್ಲ. ಹಾಕ್ಕೋ, ರಂಡಿ."

ಪರಸವ್ವ ಕೈ ತೊಳೆದು ಹಾಕಿಕೊಂಡಳು. ವಿಜಯಪುರದ ಅಥಣಿ ರಸ್ತೆಯ ಸಂಶೋಧನಾ ಕೇಂದ್ರವೂ ಒಂದು ಕಂಪನಿಯೂ ಕೂಡಿ ಹೊಗೆಯಿಲ್ಲದ ಒಲೆ ಮಾಡಿದ್ದವು. ಅದರ ಪರೀಕ್ಷೆ ಇವರ ಊರು ಬಬಲೇಶ್ವರದಲ್ಲಿ. ಯಾವ ಮನೆಗೆ ಏನು ಎಂದು ಹೇಳಿದವನು ಗೌಡ. ಊರೊಳಗಿನ ಮನೆಗಳಿಗೆ ಒಲೆಯೂ ಬಂತು, ಡಬ್ಬಿಯೂ ಬಂತು. ಪರಸವ್ವನ ಕೇರಿಗೆ ಬರೀ ಡಬ್ಬಿ ಬಂತು. ಒಲೆ ಹಿಂದಿನಿಂದ ಬರುತ್ತದೆಂದು ಕೇರಿ ಕಾಯುತ್ತ ಕೂತಿತ್ತು.

ಗೌಡನ ಮನೆಯ ಅಡುಗೆ ಗ್ಯಾಸಿನ ಮೇಲೆ. ಅವನ ಹೆಂಡತಿ ಸುವರ್ಣವ್ವನ ಡಬ್ಬಿ ಪಡಸಾಲೆಯ ಫ್ಯಾನಿನ ಕೆಳಗೆ ತೂಗುತ್ತಿತ್ತು. ಹೊಸ ಒಲೆ ಕೊಟ್ಟಿಗೆಯ ಮೂಲೆ ಸೇರಿತ್ತು. ಅದರ ಬಾಯಲ್ಲಿ ಹುಲ್ಲು ಹಾಸಿ ಕೋಳಿ ಕಾವಿಗೆ ಕೂಡಿಸಿದ್ದರು.

"ಗೌಡ್ರ, ಸೊಸಿಗಿ ದಿನಾ ತುಂಬ್ಯಾವು. ಹೊಗ್ಯಾಗ ಕೆಮ್ಮಿ ಕೆಮ್ಮಿ ನಿಲ್ಲಾಕಾಗವಲ್ದು. ಹಡಿಯೂತನಾ ಆ ಒಲಿ ಕೊಟ್ರ..."

"ನಿಮ್ಮ ಮನ್ಯಾಗ ಉರದ ಒಲಿ ಮತ್ತ ನಮ್ಮ ಮನಿಗಿ ಬರಬೇಕೇನು? ಅದರಾಗ ಕೋಳಿ ಕುಂತದ. ಎಬ್ಬಿಸಿದ್ರ ತತ್ತಿ ಕೆಡ್ತಾವ."

ಪರಸವ್ವ ಕೋಳಿಯನ್ನು ನೋಡಿದಳು. ಅದೂ ಅವಳನ್ನು ನೋಡಿತು. ಅವಳು ಮತ್ತೆ ಸೆಗಣಿಗೆ ಕೈ ಹಾಕಿದಳು.

ಸಂಜೆ ಕೇಂದ್ರದ ಇಂಜಿನಿಯರ್ ಚಂದ್ರಕಾಂತ ಜೀಪಿನಲ್ಲಿ ಕೇರಿಗೆ, ಪರಸವ್ವನ ಮನೆಗೆ ಬಂದ. ಒಳಗೆ ಸೊಸೆ ಗೌತಮಿ ಹೊಟ್ಟೆ ಒತ್ತಿಕೊಂಡು ಒಲೆ ಊದುತ್ತಿದ್ದಳು. ಅವನು ಹೊಸ್ತಿಲ ಹೊರಗೇ ನಿಂತು ಮೂಗಿಗೆ ಕರವಸ್ತ್ರ ಹಿಡಿದ. ಪರಸವ್ವನ ಡಬ್ಬಿಯಲ್ಲಿ, ಹೊಗೆ ಹೆಚ್ಚಾದರೆ ಹತ್ತುವ ಕೆಂಪು ದೀಪ ಉರಿಯುತ್ತಿತ್ತು. ಡಬ್ಬಿಯಲ್ಲಿದ್ದ ಹೊಗೆಯ ಲೆಕ್ಕವನ್ನು ಮೊಬೈಲಿಗೆ ಇಳಿಸಿಕೊಂಡು ನೋಡಿದವನ ಮುಖ ಅರಳಿತು.

"ಭಾಳ ಛಲೋ ಬಂದದ ಆಯಿ. ಇಷ್ಟು ಹೊಗಿ ಎಲ್ಲೂ ಸಿಕ್ಕಿದ್ದಿಲ್ಲ."

"ನಮಗ ಒಲಿ ಯಾವಾಗ್ರಿ ಸಾಹೇಬ್ರ?"

"ನಿಮಗಲ್ಲ ಆಯಿ. ನೀವು ಒಲಿ ಇಲ್ಲದ ಮನಿಯವರು. ಇಲ್ಲಿ ಹೊಗಿ ಎಷ್ಟು ಅಂತ ಗೊತ್ತಾದ್ರನ ಅಲ್ಲಿ ಎಷ್ಟು ಕಡಿಮಿ ಆತು ಅಂತ ಕಂಪನಿಗೆ ತೋರಸಾಕ ಬರ್ತದ. ನಡುವ ನಿಮಗೂ ಕೊಟ್ರ ಲೆಕ್ಕ ಕೆಡ್ತದ."

"ಗೌಡ್ರ ತತ್ತಿ ಕೆಡ್ತಾವು, ನಿಮ್ಮ ಲೆಕ್ಕ ಕೆಡ್ತದ. ನಮ್ಮದೇನೂ ಕೆಡಂಗಿಲ್ಲ ಬಿಡ್ರಿ."

ಅವನಿಗೆ ಅರ್ಥವಾಗಲಿಲ್ಲ. "ವಿಜಯಪುರದಾಗ ಕಾರ್ಯಕ್ರಮ ಅದ. ಈ ಒಲಿ, ಹಂಚು, ಕುಳ್ಳು, ಹಿಟ್ಟು ತಗೊಂಡು ಬರ್ರಿ. ಹೊಸ ಒಲಿ ಬಾಜೂಕ ಇಡೋಣು. ಹಚ್ಚೂದು ಬ್ಯಾಡ. ಬರೀ ತೋರಸಾಕ."

ಜೀಪು ಹೋಯಿತು. ಗೌತಮಿ ನಕ್ಕಳು. ನಗು ಕೆಮ್ಮಾಯಿತು.

"ಅತ್ತಿ, ನಿಮ್ಮ ಮುತ್ತ್ಯಾನ ಮುತ್ತ್ಯಾನ ಕೊರಳಾಗ ಉಗುಳಾಕ ಗಡಿಗಿ ಕಟ್ಟಿದ್ರಂತಲ್ಲ. ಅದೂ ಇಷ್ಟ ದೊಡ್ಡದಿತ್ತೇನು?"

"ಅದು ಮಣ್ಣಿಂದಿತ್ತವ್ವ. ಇದಕ್ಕ ದೀಪ ಐತಿ."

ಕಾರ್ಯಕ್ರಮದ ದಿನ ಪರಸವ್ವ ತಗಡಿನ ಬುಟ್ಟಿಗೆ ಮಣ್ಣು ಮೆತ್ತಿ ಮಾಡಿದ್ದ ಒಲೆಯನ್ನು ತಲೆಯ ಮೇಲೆ ಹೊತ್ತು ಜೀಪಿಳಿದಳು. ದಿನ ತುಂಬಿದವಳನ್ನು ಒಬ್ಬಳೇ ಬಿಡಲಾಗದೆ ಜೊತೆಗೆ ಕರೆತಂದಿದ್ದ ಗೌತಮಿಯನ್ನು ಬೇವಿನ ಗಿಡದ ಕೆಳಗೆ ಕೂಡಿಸಿ, "ಒಳಗ ಬರಬ್ಯಾಡ" ಎಂದಳು.

ಸಭಾಂಗಣದಲ್ಲಿ ಏಸಿ ಇತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ವೇದಿಕೆಯ ನೆಲದ ಮೇಲೆ ಒಲೆ, ಅದರ ಮುಂದೆ ಕೊರಳಲ್ಲಿ ಡಬ್ಬಿ ಹಾಕಿಕೊಂಡ ಪರಸವ್ವ. ಸುವರ್ಣವ್ವನಿಗೆ ಶಾಲು ಹೊದಿಸಿದರು. ಆಕೆ ಮೈಕಿನಲ್ಲಿ, "ನಮ್ಮ ಮನ್ಯಾಗ ಹೊಗಿ ಅನ್ನೂದ ಇಲ್ರಿ" ಎಂದಳು. ಸುಳ್ಳೇನೂ ಅಲ್ಲ. ಚಪ್ಪಾಳೆ ಬಿತ್ತು. ಕಂಪನಿಯ ದೊಡ್ಡ ಸಾಹೇಬ ಎದ್ದು ಬಂದು, ಬಡ ಹೆಣ್ಣುಮಕ್ಕಳ ಕಣ್ಣೀರು ಒರೆಸುವುದೇ ತಮ್ಮ ಗುರಿ ಎಂದು ಶುರುಮಾಡಿದ.

ಪರಸವ್ವನಿಗೆ ಸಿಟ್ಟು ಕೂಡ ಬರಲಿಲ್ಲ. ಅಷ್ಟು ದಣಿದಿದ್ದಳು. ದಿನಾ ಬೆಳಗ್ಗೆ ಮಾಡುವಂತೆ ಎರಡು ಕುಳ್ಳು ಮುರಿದು ಇಟ್ಟಳು, ನಡುವೆ ಜೋಳದ ಕಣಿಕೆ ತುರುಕಿದಳು, ಕಡ್ಡಿ ಗೀರಿದಳು. ಕುಳ್ಳಿನ ಹೊಗೆ ಎದ್ದಿತು. ಅದಕ್ಕೆ ಹೊರಗೆ ಹೋಗಲು ದಾರಿ ಇರಲಿಲ್ಲ.

"ಏ ಆಯಿ, ಹಚ್ಚಬ್ಯಾಡ ಅಂದಿದ್ನಿಲ್ಲ" ಎನ್ನುತ್ತ ಚಂದ್ರಕಾಂತ ಓಡಿ ಬಂದ.

ಪರಸವ್ವ ಎದ್ದು, ಡಬ್ಬಿಯನ್ನು ಕೊರಳಿಂದ ತೆಗೆದು, ಅದರ ದಾರವನ್ನು ಎರಡೂ ಕೈಯಲ್ಲಿ ಹಿಡಿದು ದೊಡ್ಡ ಸಾಹೇಬನ ಎದುರು ನಿಂತಳು. ಹಾರ ಹಾಕಿಸಿಕೊಂಡು ರೂಢಿಯಿದ್ದವನು ಕೊರಳು ಬಗ್ಗಿಸಿದ, ಅವಳು ಹಾಕಿದಳು. ಅವನ ಎದೆಯ ಮೇಲೆ ಕೆಂಪು ದೀಪ ಹತ್ತಿತು.

"ಈಗ ಲೆಕ್ಕಾ ಹಿಡೀರಿ," ಎಂದು ಅವಳು ಮತ್ತೆ ಒಲೆಯ ಮುಂದೆ ಕೂತಳು.

ಮುಂದಿನ ಸಾಲು ಕೆಮ್ಮತೊಡಗಿತು. ಮನೆಯಲ್ಲಿ ಗೌತಮಿ ಕೆಮ್ಮುವಂಥದೇ ಕೆಮ್ಮು ಅದು. ಸುವರ್ಣವ್ವ ಶಾಲಿನಿಂದ ಮೂಗು ಮುಚ್ಚಿಕೊಂಡಳು. "ನೀರ್ ಹಾಕ್ರೋ ಆ ರಂಡಿ ಒಲಿಗಿ," ಹೊಗೆಯೊಳಗೆ ಎಲ್ಲೋ ಗೌಡ ಒದರಿದ. ಚಂದ್ರಕಾಂತ ನೀರಿನ ಬಾಟಲಿ ಹಿಡಿದು ಬಂದ.

ಪರಸವ್ವ ನಾದಿ ತಂದಿದ್ದ ಹಿಟ್ಟು ಬಡಿದು ಹಂಚಿನ ಮೇಲೆ ಹಾಕಿದ್ದಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ತಡೀರಿ," ಎಂದಳು. "ಒಂದು ರೊಟ್ಟಿ ಬೇಯೂತನಾ ತಡೀರಿ."