ಫ್ಲಾಸ್ಕಿನಲ್ಲಿ ತಂದ ಹಿಮ

ಪರ್ತ್‌ನ ಸದರ್ನ್ ರಿವರ್ ಬಡಾವಣೆಯ ಕನ್ನಡದ ಆಂಟಿಯರಿಗೆಲ್ಲ ವಸಂತಕುಮಾರ ಮನೆಯ ಜೋಯಿಸನಿದ್ದ ಹಾಗೆ. ಹಪ್ಪಳ ಒಣಗಿಸಬೇಕು, ನಾಮಕರಣಕ್ಕೆ ಹಿತ್ತಲಲ್ಲಿ ಶಾಮಿಯಾನ ಹಾಕಬೇಕು, ಎಲ್ಲದಕ್ಕೂ ಅವನಿಗೇ ಫೋನು. ಹವಾಮಾನ ಕಚೇರಿಯಲ್ಲಿ ಕೆಲಸ ಮಾಡುವವನು ಅಂದಮೇಲೆ ಮೋಡಗಳು ಅವನ ಮಾತು ಕೇಳದೆ ಇರುತ್ತವೆಯೇ! "ನಾನು ಹೇಳೋದಷ್ಟೇ ಆಂಟಿ, ಮಾಡೋದಲ್ಲ" ಎಂದು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು.

ಅತ್ತೆ ತುಂಗಮ್ಮನಿಗೆ ಮಾತ್ರ ಹಾಗೆ ಹೇಳಲು ಬಾಯಿ ಬರಲಿಲ್ಲ. ಹಾಸನದಿಂದ ಬಂದು ಮಗಳ ಮನೆಯಲ್ಲಿದ್ದ ಆಕೆ ಬಯಸಿದ್ದು ಒಂದೇ: ಹಿಮವನ್ನು ಕೈಯಲ್ಲಿ ಮುಟ್ಟಿ ನೋಡಬೇಕು. ಆ ಮಗಳು ಪ್ರಣತಿ ಇನ್ನೂ ಹೊಟ್ಟೆಯಲ್ಲಿದ್ದಾಗ, ಗಡಿಯಲ್ಲಿ ಕಾವಲಿದ್ದ ಗಂಡನನ್ನು ಹಿಮ ಕುಸಿದು ನುಂಗಿಹಾಕಿತ್ತು. ತನ್ನ ಬಾಳು ಹಾಳು ಮಾಡಿದ್ದು ಎಂಥದೆಂದು ಆಕೆ ಕಣ್ಣಾರೆ ಕಂಡಿರಲಿಲ್ಲ. ಶನಿವಾರ ವಾಪಸು ವಿಮಾನ. ಮಂಡಿ ನೋವು, ಬಿ.ಪಿ. ಎಲ್ಲ ಸೇರಿ ಮತ್ತೆ ಇಷ್ಟು ದೂರ ಬರುವ ಮಾತೇ ಇರಲಿಲ್ಲ.

ಪರ್ತ್‌ನವರಿಗೆ ಹಿಮ ಎಂದರೆ ಐದು ಗಂಟೆ ದಾರಿಯಾಚೆಯ ಬ್ಲಫ್ ನಾಲ್ ಬೆಟ್ಟ. ಅದೂ ಚಳಿಗಾಲದಲ್ಲಿ ಒಂದೆರಡು ಸಲ, ನೆತ್ತಿಗೆ ಸುಣ್ಣ ಬಳಿದಷ್ಟು. ದಕ್ಷಿಣ ಸಮುದ್ರದಿಂದ ಕೊರೆಯುವ ಗಾಳಿ ಏರಿ ಬರುತ್ತಿರುವುದನ್ನು ನಕ್ಷೆಯಲ್ಲಿ ಕಂಡ ದಿನ ವಸಂತಕುಮಾರನ ಮನಸ್ಸು ಕುಣಿಯಿತು. ಮತ್ತೆ ಮತ್ತೆ ತಾಳೆ ನೋಡಿ ಮನೆಯಲ್ಲಿ ಹೇಳಿದ:

"ಥರ್ಸ್‌ಡೇ ಬೆಳಿಗ್ಗೆ ಸ್ನೋ ಬೀಳುತ್ತೆ, ಈ ವರ್ಷದ ಮೊದಲ್ನೇದು. ಬೆಟ್ಟದ ತುದೀಲಿ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ಮಳೆ ಆಗ್ಬಿಡುತ್ತೆ."

ತುಂಗಮ್ಮ ಅಳಿಯನ ಜೊತೆ ನೇರ ಮಾತಾಡುವವಳಲ್ಲ. ಅವನು ಎದುರಿಗೇ ನಿಂತಿದ್ದರೂ ಮಗಳಿಗೆ ಹೇಳಿದಳು: "ಪ್ರಣತಿ, ಅಳಿಯಂದ್ರನ್ನ ಕೇಳೇ, ಸ್ವಲ್ಪ ಕೆಳಗಡೆ ಬೀಳಲ್ವಂತಾ? ಬೆಟ್ಟ ಹತ್ತೋಕೆ ನನ್ನ ಕೈಲಾಗಲ್ಲ."

ವಸಂತಕುಮಾರ ನಕ್ಕ. "ನಾನೇ ಹತ್ತಿ ತಂದ್ಕೊಡ್ತೀನಿ ಅನ್ನು. ಸ್ಟೀಲ್ ಫ್ಲಾಸ್ಕ್ ಇದೆಯಲ್ಲ, ಕರಗದ ಹಾಗೆ ಇಟ್ಕೊಳ್ಳುತ್ತೆ" ಎಂದ, ಅವನೂ ಹೆಂಡತಿಗೇ.

ಬುಧವಾರವೇ ಹೋಗಿ ಬೆಟ್ಟದ ಬುಡದಲ್ಲಿ ತಂಗಿದರು. ಬೆಳಗಾಗುತ್ತಲೇ ತುಂಗಮ್ಮ ತಾನೇ ಫ್ಲಾಸ್ಕನ್ನು ಸೆರಗಿನಿಂದ ಒರೆಸಿ ಅವನ ಚೀಲದಲ್ಲಿಟ್ಟಳು.

ಏದುಸಿರು ಬಿಡುತ್ತ ಅವನು ತುದಿ ಮುಟ್ಟುವ ಹೊತ್ತಿಗೆ ಮಳೆಹನಿ ಹಗುರಾಯಿತು, ಬೆಳ್ಳಗಾಯಿತು. ಬಿತ್ತು! ಅವನು ಹೇಳಿದ ದಿನ, ಹೇಳಿದ ಹೊತ್ತಿಗೇ ಬಿತ್ತು. ವಸಂತಕುಮಾರ ಹುಚ್ಚನಂತೆ ಕೂಗಿಕೊಂಡ. ಪೊದೆಗಳ ಮೇಲಿನ ತೆಳ್ಳನೆಯ ಹಿಮವನ್ನು ಬಳಿದು ಬಳಿದು ಒಂದೆರಡು ಹಿಡಿಯಷ್ಟು ತುಂಬಿಕೊಂಡ. ಮರಗಟ್ಟಿದ ಬೆರಳಿಗೆ ಬಿಸಿ ತಂಪು ಒಂದೂ ತಿಳಿಯುತ್ತಿರಲಿಲ್ಲ. ಜಾರಿ ಬಿದ್ದು ಎದ್ದು ಇಳಿದು ಬಂದ.

ಕಾರ್ ಪಾರ್ಕಿನ ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದ ತುಂಗಮ್ಮ ಬೊಗಸೆ ಒಡ್ಡಿದಳು. ಅವನು ಮುಚ್ಚಳ ತಿರುಗಿಸಿ ಬಗ್ಗಿಸಿದ. ಬೊಗಸೆಗೆ ಬಿದ್ದದ್ದು ನೀರು.

"ಫ್ಲಾಸ್ಕ್ ತೊಳೆದಿದ್ದು ಯಾರಮ್ಮಾ?" ಎಂದಳು ಪ್ರಣತಿ.

"ನಾನೇ ಕಣೇ. ಕಾಫಿ ವಾಸನೆ ಹೊಡೀತಿತ್ತು. ಕುದಿಯೋ ನೀರು ಹಾಕಿ ಗಲಬರಿಸಿ ಚೆಲ್ಲಿ, ಬಿಸಿ ಆರದ ಹಾಗೆ ಮುಚ್ಚಿಟ್ಟೆ. ಯಾವಾಗ್ಲೂ ಹಾಗೇ ತಾನೇ..." ಹೇಳುತ್ತ ಹೇಳುತ್ತ ಆಕೆಗೇ ಅರ್ಥವಾಯಿತು, ಒಳಗೆ ಉಳಿದ ಆ ಬಿಸಿಗೇ ಹಿಮ ಕರಗಿತ್ತು.

"ಇನ್ನೊಂದ್ಸಲ ಹೋಗ್ಬರ್ತೀನಿ" ಎಂದು ವಸಂತಕುಮಾರ ಚೀಲ ಹೆಗಲಿಗೇರಿಸಿದ. ಆದರೆ ಕೆನ್ನೆಗೆ ತಾಗಿದ ಗಾಳಿ ಆಗಲೇ ತಿರುಗಿತ್ತು. ಅವನು ತುದಿ ಸೇರುವಷ್ಟರಲ್ಲಿ ಅಲ್ಲಿ ಏನೂ ಉಳಿದಿರುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಈ ಹಾಳು ವಿದ್ಯೆ ಯಾಕಾದರೂ ಕಲಿತೆನೋ ಅನ್ನಿಸಿ ಅವನಿಗೆ ಅಳು ಬಂತು.

ಆಗ ತುಂಗಮ್ಮ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು.

"ಬೇಡಿ ಅಳಿಯಂದ್ರೇ, ಕೂತ್ಕೊಳ್ಳಿ. ನಮ್ಮವರನ್ನ ಗಡಿಯಿಂದ ಪೆಟ್ಟಿಗೇಲಿ ತಂದಾಗ, ಮುಚ್ಚಳ ತೆಗೆಯೋ ಹಾಗಿಲ್ಲ ಅಂದ್ರು. ನೀವು ತೆಗೆದಾದ್ರೂ ತೋರಿಸಿದ್ರಿ."

ಬೊಗಸೆಯ ನೀರನ್ನು ಆಕೆ ಚೆಲ್ಲಲಿಲ್ಲ. ಬೆರಳ ಸಂದಿಯಿಂದ ಅದು ಸೋರಿ ಮುಗಿಯುವವರೆಗೂ ನೋಡುತ್ತ ಕೂತಳು. ಮಧ್ಯಾಹ್ನಕ್ಕೆ ಮಳೆ ಹಿಡಿಯಿತು. ವಸಂತಕುಮಾರ ಹೇಳಿದ್ದು ಒಂದೂ ತಪ್ಪಾಗಲಿಲ್ಲ.