ಹೊತ್ತು ಮುಳುಗುವುದರೊಳಗೆ ಒಂದು ಚಾಕು

ಕುಪವಾಡದ ಕಾರ್ಖಾನೆಗಳ ವಸಾಹತು ಎಂಐಡಿಸಿಯಿಂದ ಮಿರಜಕ್ಕೆ ಬರುವ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕರೆ ಅದು ವೃಷಾಲಿಯ ಪಾಲಿಗೆ ಹಬ್ಬ. ಹಬ್ಬ ದಿನಾ ಬರುವುದಿಲ್ಲ. ಪಂಪಿನ ಬಿಡಿಭಾಗಗಳನ್ನು ದಿನವಿಡೀ ನಿಂತು ಡಬ್ಬಿಗೆ ತುಂಬಿ, ಟೇಪು ಹಚ್ಚಿ ಹಚ್ಚಿ ಮಣಿಕಟ್ಟು ನೋಯಿಸಿಕೊಂಡು ಬಂದವಳು, ಮತ್ತೆ ಬಸ್ಸಿನ ಸರಳಿಗೆ ಜೋತುಬೀಳುತ್ತಿದ್ದಳು. ಜೋತುಬಿದ್ದಲ್ಲಿಂದಲೇ ಬಗ್ಗಿ ಕಿಟಕಿಯಾಚೆ ನೋಡುತ್ತಿದ್ದಳು. ಉಳಿದವರು ಗಡಿಯಾರ ನೋಡಿದರೆ ಇವಳು ಸೂರ್ಯ ಎಲ್ಲಿಗೆ ಇಳಿದಿದ್ದಾನೆಂದು ನೋಡುತ್ತಿದ್ದಳು.

ಅದಕ್ಕೆ ಕಾರಣ ಅತ್ತೆ ರತ್ನಾಬಾಯಿ. ಹೊತ್ತು ಮುಳುಗಿದ ಮೇಲೆ ಅವರು ಒಂದಗುಳು ಮುಟ್ಟುವವರಲ್ಲ. ಜೈನರ ಮನೆಯಲ್ಲಿ ಇದೇನು ಹೊಸ ಮಾತಲ್ಲ. ಅವರ ಮಗ, ಅಂದರೆ ವೃಷಾಲಿಯ ಗಂಡ ಧೀರಜ, ಔಷಧಿ ಕಂಪನಿಯ ಚೀಲ ಹೊತ್ತು ಊರೂರು ತಿರುಗುವವನು. ಕತ್ತಲಾದ ಮೇಲೆ ಬಂದು ತಣ್ಣಗಾದದ್ದನ್ನು ಬಿಸಿ ಮಾಡಿಸಿಕೊಂಡು ಉಣ್ಣುತ್ತಿದ್ದ, ನೌಕರಿ ಅಂದಮೇಲೆ ನೇಮ ನಡೆಯುತ್ತದೆಯೇ ಎನ್ನುತ್ತಿದ್ದ. ಈ ರಿಯಾಯಿತಿ ಗಂಡಸರ ನೌಕರಿಗೆ ಬಲು ಬೇಗ ಸಿಗುತ್ತದೆ. ವೃಷಾಲಿಯದೂ ನೌಕರಿಯೇ ಆಗಿತ್ತು, ಆದರೆ ಅಡುಗೆಯೂ ಅವಳದೇ ಆಗಿತ್ತು.

ರತ್ನಾಬಾಯಿಗೆ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿದು, ಈಗ ಅವರಿಗೆ ಮನುಷ್ಯರು ಮಬ್ಬಾಗಿ ಕಾಣುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ದೀಪಾವಳಿ ಕಳೆದು ಹೊತ್ತು ಗಿಡ್ಡವಾಗತೊಡಗಿದಾಗ ಒಂದು ಸಂಜೆ ಬಸ್ಸು ಕೆಟ್ಟು ವೃಷಾಲಿ ಕತ್ತಲಾದ ಮೇಲೆ ಮನೆ ಮುಟ್ಟಿದಳು. ಇನ್ನೇನು ಸೊಸೆ ಬರುತ್ತಾಳೆಂದು ಊಟದ ಮೊದಲಿನ ಗುಳಿಗೆ ನುಂಗಿ ಕುಳಿತಿದ್ದ ಅತ್ತೆ ಹಸಿದೇ ಮಲಗಿದರು. ಆಮೇಲೆ ಸಕ್ಕರೆ ಇಳಿದು ಬೆವರು, ನಡುಕ, ದವಾಖಾನೆ, ಸಲಾಯಿನ್. ಡಾಕ್ಟರು ಬೈದದ್ದು ಧೀರಜನನ್ನಲ್ಲ, ವೃಷಾಲಿಯನ್ನು.

ಅಂದಿನಿಂದ ಅವಳ ಬಾಯಲ್ಲಿ ಸುಳ್ಳು ಶುರುವಾಯಿತು. ಹಳೆಯ ಮನೆಯಿದ್ದಾಗ ಅಂಗಳದಲ್ಲಿ ಕೂತರೆ ಹೊತ್ತು ಮುಳುಗುವುದು ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಕೆಡವಿ ಬಿಲ್ಡರನು ನಾಲ್ಕು ಮಾಳಿಗೆ ಎಬ್ಬಿಸಿ ಇವರಿಗೊಂದು ಫ್ಲ್ಯಾಟು ಕೊಟ್ಟಿದ್ದ. ಅದರ ಕಿಟಕಿಗೆ ಎದುರು ಅಪಾರ್ಟ್‌ಮೆಂಟಿನ ಗೋಡೆಯೇ ಆಕಾಶ. ಕಣ್ಣಿದ್ದವರಿಗೂ ಅಲ್ಲಿ ಸೂರ್ಯ ಕಾಣುವಂತಿರಲಿಲ್ಲ. ತಟ್ಟೆ ಮುಂದಿಟ್ಟಾಗ ಅತ್ತೆ ದಿನಾ ಕೇಳುತ್ತಿದ್ದರು.

“ಹೊತ್ತ ಐತೇನ, ವೃಷಾಲಿ?”

“ಐತ್ರಿ ಆಯಿ. ಉಣ್ರಿ.”

ಅಷ್ಟು ಹೇಳಿ ಅವಳು ಒಳಗೆ ಬಂದು ಸುಮ್ಮನೆ ಒಲೆಯ ಮುಂದೆ ನಿಲ್ಲುತ್ತಿದ್ದಳು. ಮಾಡಿದರೂ ಪಾಪವೇ, ಮಾಡಿಸಿದರೂ ಪಾಪವೇ ಎಂದು ಬಸದಿಯಲ್ಲಿ ಕೇಳುತ್ತ ಬೆಳೆದವಳು ಅವಳು. ಕಣ್ಣು ಕಾಣದ ಮುದುಕಿಯ ನೇಮವನ್ನು ದಿನಾ ತನ್ನ ಕೈಯಾರೆ ಮುರಿಯುತ್ತಿದ್ದೇನಲ್ಲ ಎಂದುಕೊಳ್ಳುತ್ತಿದ್ದಳು. ಮುರಿಯದಿದ್ದರೆ ಮತ್ತೆ ದವಾಖಾನೆ. ಇದನ್ನು ಯಾರ ಮುಂದೆ ಹೇಳುವುದು? ಧೀರಜನ ಮುಂದೆ ಹೇಳಿದರೆ, ಇಷ್ಟಕ್ಕೆ ಇಷ್ಟ್ಯಾಕೆ ತಲೆ ಕೆಡಿಸಿಕೊಳ್ಳುತ್ತೀ ಎಂದು ನಕ್ಕುಬಿಡುವವನು.

ತಡವಾಗುತ್ತಿದ್ದದ್ದು ಬಹಳವೇನಲ್ಲ, ಸ್ವಲ್ಪವೇ. ಆ ಸ್ವಲ್ಪವನ್ನು ತಿನ್ನುತ್ತಿದ್ದದ್ದು ಕಾಯಿಪಲ್ಯೆ ಹೆಚ್ಚುವ ಕೆಲಸ. ಹೆಚ್ಚಿದ್ದನ್ನು ಬೆಳಿಗ್ಗೆಯಿಂದ ಸಂಜೆಗೆ ಇಡುವ ಪದ್ಧತಿ ಆ ಮನೆಯಲ್ಲಿಲ್ಲ. ಈಳಿಗೆ ಮಣೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಬೆಂಡೆಕಾಯಿ ಸೀಳಿ ಒಳಗೆ ಹುಳ ಇದೆಯೋ ಎಂದು ಒಂದೊಂದನ್ನೇ ನೋಡಿ ಹೆಚ್ಚಿ, ಮತ್ತೆ ಗೋಡೆ ಹಿಡಿದು ಏಳುವಷ್ಟರಲ್ಲಿ ಅವಳ ಮೊಣಕಾಲುಗಳು ಬೇಡ ತಾಯಿ ಎನ್ನುತ್ತಿದ್ದವು. ಆ ಹೊತ್ತಿನಲ್ಲಿ ಕುಕ್ಕರಿನ ಸೀಟಿ, ರಿಕ್ಷಾದ ಹಾರನ್ನು, ಮಸೀದಿಯ ಬಾಂಗು, ನೆರೆಮನೆಯ ಟೀವಿ, ಯಾವುದೂ ಅವಳ ಕಿವಿಗೆ ಬೇರೆಬೇರೆಯಾಗಿ ಬೀಳುತ್ತಿರಲಿಲ್ಲ. ಹಣ್ಣು ಕೊಯ್ಯುವ ಪುಟ್ಟ ಚಾಕುವೊಂದು ಮನೆಯಲ್ಲಿತ್ತು, ಅದರಿಂದ ಪಲ್ಯಕ್ಕೆ ಹೆಚ್ಚಲು ಹೋದರೆ ಬೆಳಗಾಗಬೇಕು.

ಸಾಂತೋಕು ಎಂಬ ಚಾಕುವಿನ ಹೆಸರನ್ನು ಅವಳ ಕಿವಿಗೆ ಹಾಕಿದವಳು ಪಕ್ಕದಲ್ಲಿ ನಿಂತು ಡಬ್ಬಿ ತುಂಬುವ ಬುಧಗಾಂವದ ಮಂದಾ. ಅವಳ ಮನೆಗೆ ಅಂಥದೊಂದು ಬಂದಿತ್ತಂತೆ. ಜಪಾನಿನ ಮಾದರಿ, ಅಗಲ ಅಲಗು, ಮೂತಿ ಚೂಪಿಲ್ಲ. ಕಟ್ಟೆಯ ಮುಂದೆ ನಿಂತುಕೊಂಡೇ ಸರಸರ ಹೆಚ್ಚಬಹುದು, ಹೆಚ್ಚಿದ್ದನ್ನು ಅಲಗಿನ ಮೇಲೆಯೇ ಬಾಚಿ ಬುಟ್ಟಿಗೆ ಹಾಕಬಹುದು ಎಂದು ಮಂದಾ ಊಟದ ಬಿಡುವಿನಲ್ಲಿ ಕೈ ಆಡಿಸಿ ತೋರಿಸಿದಳು. ನಿಂತುಕೊಂಡೇ ಎಂಬ ಮಾತು ವೃಷಾಲಿಯ ಮನಸ್ಸಿನಲ್ಲಿ ಕೂತುಬಿಟ್ಟಿತು.

ವಾರದ ರಜೆಯ ದಿನ ಕಾಲು ಚಾಚಿ ಮಲಗಬೇಕಾದವಳು ಸಾಂಗ್ಲಿಗೆ ಹೋದಳು. ಮೊದಲು ಹೊಸ ಶಾಪಿಂಗ್ ಮಾಲು. ಅಲ್ಲಿ ಗಾಜಿನ ಕಪಾಟಿನಲ್ಲಿ ಮಲಗಿದ್ದ ಚಾಕುವಿನ ಬೆಲೆ ನೋಡಿ ಅವಳಿಗೆ ನಗು ಬಂತು. ಆ ದುಡ್ಡಿಗೆ ಮನೆಗೆ ಎಷ್ಟೋ ತಿಂಗಳ ಕಾಯಿಪಲ್ಯೆ ಬರುತ್ತಿತ್ತು. ಅಗ್ಗದ್ದೊಂದಿದೆ ಎಂದು ಮಾರುವ ಹುಡುಗಿ ಅದರಿಂದ ಉಳ್ಳಾಗಡ್ಡಿ ಹೆಚ್ಚಿ ತೋರಿಸಿಯೇಬಿಟ್ಟಳು. ಉಳ್ಳಾಗಡ್ಡಿ ಮುಟ್ಟಿದ ಚಾಕುವನ್ನು ಅತ್ತೆಯ ಅಡುಗೆಮನೆಗೆ ಒಯ್ಯುವುದು ಹೇಗೆ? ಅದರ ಡಬ್ಬಿಯ ಮೇಲೆ ಮೀನು, ಮಾಂಸ, ತರಕಾರಿ ಮೂರರದೂ ಚಿತ್ರ. ಮೂರಕ್ಕೂ ಆಗುತ್ತದೆಂದೇ ಅದಕ್ಕೆ ಆ ಹೆಸರು ಎಂದು ಹುಡುಗಿ ಮರಾಠಿಯಲ್ಲಿ ಹೆಮ್ಮೆಯಿಂದ ವಿವರಿಸಿದಳು. ಮೂರರಲ್ಲಿ ಎರಡು ತಮ್ಮ ಹೊಸ್ತಿಲು ದಾಟುವಂತಿಲ್ಲವೆಂದು ವೃಷಾಲಿ ಅವಳಿಗೆ ಹೇಳಲು ಹೋಗಲಿಲ್ಲ.

ಅಲ್ಲಿಂದ ಗಣಪತಿ ಪೇಠದ ಒಂದು ಪಾತ್ರೆ-ಬಾಂಡೆ ಅಂಗಡಿಗೆ ಬಂದಳು. ಅಂಗಡಿಯ ಧನಪಾಲ ಕಾಕಾ ತವರಿನ ಕಡೆಯಿಂದ ಪರಿಚಯದವರು, ಮಾತು ಕಡಿಮೆ. ಮೂರು ಚಾಕು ತೆಗೆದು ಹಾಸಿದರು. ಒಂದು ತಗಡಿನಂತೆ ತೆಳು, ಹಿಡಿಕೆ ಆಗಲೇ ಅಲುಗಾಡುತ್ತಿತ್ತು. ಒಂದು ಎಷ್ಟು ಭಾರವೆಂದರೆ ಅವಳ ಮಣಿಕಟ್ಟು ಎತ್ತಿದ ಕೂಡಲೇ ಒಲ್ಲೆನೆಂದಿತು. ನಡುವಿನದು ಹಗುರ, ಹಿಡಿಕೆ ಅಂಗೈಗೆ ಸರಿಯಾಗಿ ಕೂರುತ್ತಿತ್ತು. ಸಂತೆಯಿಂದ ತಂದಿದ್ದ ಚವಳಿಕಾಯಿಯನ್ನು ಚೀಲದಿಂದ ತೆಗೆದು ಅವಳು ಗಲ್ಲಾಪೆಟ್ಟಿಗೆಯ ಮೇಲಿನ ಹಲಗೆಯಲ್ಲಿ ಹೆಚ್ಚಿ ನೋಡಿದಳು. ಚೆನ್ನಾಗಿ ಕತ್ತರಿಸಿತು. ಕಾಕಾ ಮಾತ್ರ ತಲೆಯಾಡಿಸಲಿಲ್ಲ.

“ಅಂಗಡ್ಯಾಗ ಎಲ್ಲಾ ಚಾಕೂನೂ ಕೊಯ್ತಾವ ತಂಗಿ. ಮುಂದ ಮೊಂಡ ಆದಾಗ ಏನ್ ಮಾಡ್ತಿ ಅದನ್ನ ನೋಡು. ಮಾಲ್‌ನಾಗಿನ ದುಬಾರೀದಕ್ಕ ಬ್ಯಾರೇನ ಕಲ್ಲ ಬೇಕು. ಇದನ್ನ ಓಣ್ಯಾಗ ಬರೂ ಸಾಣಿಯವ್ನ ಹಿಡ್ದು ಕೊಡ್ತಾನ.”

ಅವಳು ಅದನ್ನೇ ಕೊಂಡಳು. ಬಿಚ್ಚದ ಡಬ್ಬಿಯದೇ ಬೇಕೆಂದು ಕೇಳಿದಳು, ಕಾಕಾ ಕಾರಣ ಕೇಳದೆ ಒಳಗಿನಿಂದ ತಂದುಕೊಟ್ಟರು. ಮೇಲೆ ಅದೇ ಮೀನಿನ ಚಿತ್ರವಿದ್ದ ಡಬ್ಬಿಯನ್ನು ಬಸ್ ನಿಲ್ದಾಣದ ಕಸದ ತೊಟ್ಟಿಗೆ ಹಾಕಿ, ಚಾಕುವನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು.

ಚಾಕು ಬಂದ ಕೂಡಲೇ ಎಲ್ಲ ಸರಿಹೋಯಿತೆಂದರೆ ಕತೆ ಇಲ್ಲಿಗೇ ಮುಗಿಯಬೇಕಿತ್ತು. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಕೈ ಓಡಾಡುತ್ತದೆ. ಇಲ್ಲಿ ಎಲ್ಲ ತಿರುವುಮುರುವು. ಮೊದಲ ಕೆಲವು ದಿನ ಅವಳಿಗೆ ಮೊದಲಿಗಿಂತ ಹೆಚ್ಚೇ ತಡವಾಯಿತು, ಬೆರಳಿನ ತುದಿಯೂ ಕುಯ್ದುಕೊಂಡಿತು. ಆ ದಿನಗಳಲ್ಲೂ ಅವಳು ಹೊತ್ತಿದೆ ಎಂದೇ ಹೇಳಿದಳು. ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿಬಿಟ್ಟಿತಲ್ಲ ಎಂದು ತನ್ನ ಮೇಲೆಯೇ ಅವಳಿಗೆ ಹೇಸಿಕೆಯಾಯಿತು.

ಬರಬರುತ್ತ ಕೈ ಪಳಗಿತು. ಒಂದು ಸಂಜೆ ಬಸ್ಸಿನಲ್ಲಿ ಜಾಗವೂ ಸಿಕ್ಕಿತು. ಮನೆಗೆ ಬಂದವಳು ಕೂರಲಿಲ್ಲ, ಕಟ್ಟೆಯ ಮುಂದೆ ನಿಂತೇ ಬೆಂಡೆಕಾಯಿ ಸೀಳಿದಳು. ಹೋಳುಗಳು ಹಲಗೆಯ ಮೇಲೆ ಅಂಗಾತ ಬಿದ್ದು, ಹುಳವಿದೆಯೋ ಇಲ್ಲವೋ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಪಲ್ಯ ಒಲೆಯ ಮೇಲಿಟ್ಟು ಭಕ್ರಿ ತಟ್ಟಿದಳು. ತಟ್ಟೆ ಇಡುವ ಮೊದಲು ಮಾಳಿಗೆಯ ಮೆಟ್ಟಿಲು ಹತ್ತಿ ಹೋಗಿ ನೋಡಿಬಂದಳು. ನೀರಿನ ಟಾಕಿಗಳ ಆಚೆ ಸೂರ್ಯ ಇನ್ನೂ ಇದ್ದ.

ಅತ್ತೆ ಎಂದಿನಂತೆ ಕೇಳಿದರು. ಐತ್ರಿ ಎಂದಳು ವೃಷಾಲಿ. ಅದೇ ಮಾತು, ಆದರೆ ಈ ಸಲ ನಿಜ. ಇವತ್ತು ಅವಳು ಒಳಗೆ ಹೋಗದೆ ಎದುರಿಗೇ ಕುಳಿತಳು. ರತ್ನಾಬಾಯಿ ನಿಧಾನವಾಗಿ ಉಂಡು, ಬಾಯಿ ಮುಕ್ಕಳಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಾಗ ಹಿಂದಿನ ಓಣಿಯ ಮಸೀದಿಯಲ್ಲಿ ಬಾಂಗು ಶುರುವಾಯಿತು. ಹೊತ್ತು ಮುಳುಗುತ್ತಲೇ ಕೊಡುವ ಬಾಂಗು. ವೃಷಾಲಿ ಅದನ್ನು ಎಷ್ಟೋ ವರ್ಷಗಳ ಮೇಲೆ ಕಿವಿಗೊಟ್ಟು ಕೇಳಿದಳು, ಕೇಳುತ್ತಿದ್ದಂತೆ ಇದು ಅತ್ತೆಗೂ ದಿನಾ ಕೇಳುತ್ತಿತ್ತಲ್ಲ ಎಂದು ಅವಳಿಗೆ ಹೊಳೆಯಿತು.

ಬಾಂಗು ಮುಗಿದ ಮೇಲೆ ಅತ್ತೆ ಸೊಸೆಯ ಕಡೆ ತಿರುಗಿದರು.

“ಇವತ್ತ ಊಟಾ ಮೊದ್ಲ ಆತು,” ಎಂದರು. “ನಾಳೆ ಮುಂಜಾನೆ ನನಗೂ ಒಂದ ಕಪ್ ಚಾ ಇಡು.”

ದೀಪಾವಳಿಯ ನಂತರ ರತ್ನಾಬಾಯಿ ಚಹಾ ಬಿಟ್ಟಿದ್ದರು. ಜೀವಕ್ಕಿಂತ ಹೆಚ್ಚಾಗಿದ್ದ ಬೆಳಗಿನ ಚಹಾ. ಪಿತ್ತವಾಗುತ್ತದೆ ಎಂದಿದ್ದರು, ಒಂದು ಕಪ್ಪು ಕಡಿಮೆಯಾಯಿತೆಂದು ವೃಷಾಲಿ ಆಗ ಒಳಗೊಳಗೇ ಖುಷಿಪಟ್ಟಿದ್ದಳು. ಈಗ ಅವಳಿಗೆ ತಲೆ ಎತ್ತಲಾಗಲಿಲ್ಲ.

“ನಿಮಗ ಗೊತ್ತಿತ್ತೇನ್ರಿ, ಆಯಿ?”

“ಕಣ್ಣ ಹೋಗ್ಯಾವ, ಕಿವಿ ಅದಾವಲ್ಲ. ಉಣ್ಣಲಿಲ್ಲಂದ್ರ ಮತ್ತ ನಿನ್ನ ಬೈತಿದ್ರು. ಉಂಡೆ. ಅದರ ಪ್ರಾಯಶ್ಚಿತ್ತಕ್ಕ ಚಾ ಬಿಟ್ಟೆ.” ಅವರ ದನಿಯಲ್ಲಿ ದೂರು ಇರಲಿಲ್ಲ, ದಣಿವು ಮಾತ್ರ ಇತ್ತು.

ವೃಷಾಲಿಗೆ ಅಳು ಬಂತು, ಆದರೆ ಅಳುವುದಕ್ಕೂ ಮೈಯಲ್ಲಿ ಕಸುವು ಬೇಕು. ಚಾಕು ಹೆಚ್ಚುತ್ತದೆಯೇ ಹೊರತು ಬಸ್ಸು ಓಡಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನಾಳೆ ಬಸ್ಸು ತಡವಾದರೆ ಏನು ಹೇಳಲಿ ಎಂದು ಮೆಲ್ಲಗೆ ಕೇಳಿದಳು.

ರತ್ನಾಬಾಯಿ ಕೈ ಚಾಚಿ ತಡವರಿಸಿ ಸೊಸೆಯ ಮೊಣಕಾಲು ಹುಡುಕಿ, ಅದರ ಮೇಲೆ ಅಂಗೈ ಇಟ್ಟರು.

“ಹೊತ್ತ ಐತಿ ಅಂತನ ಹೇಳು. ಮರುದಿನದ ಚಾ ನಾ ಬಿಡ್ತೀನಿ.”

ವೃಷಾಲಿ ಗೋಡೆ ಹಿಡಿದು ಎದ್ದಳು. ಮೇಲಿನ ಕಪಾಟಿನ ಹಿಂದಕ್ಕೆ ಸರಿದಿದ್ದ ಅತ್ತೆಯ ಕಪ್ಪನ್ನು ತೆಗೆದಳು. ಅದಕ್ಕೆ ಧೂಳು ಹಿಡಿದಿತ್ತು. ಚಾಕುವಿನ ಜೊತೆಗೆ ಅದನ್ನೂ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದಳು.